ಬೀರಪ್ಪನ ಕಂಬಳಿ, ಕಾರಕೂನರ ಮಂಚ

ಜಮಖಂಡಿಯ ಕುರುಬರ ಓಣಿಯ ಸತ್ಯವ್ವ ಯಾರನ್ನೂ ಒಂದೇ ಸಲಕ್ಕೆ ನಂಬಿದವಳಲ್ಲ. ಬೆಲ್ಲ ಕೊಂಡರೆ ಒಡೆದು ನೋಡುವಳು. ಅಳಿಯ ಬಂದರೂ ಅವನ ಗಂಟನ್ನು ಅಂಗಳದಲ್ಲೇ ಕೊಡವಿಸಿ ಒಳಗೆ ಬಿಡುವಳು. ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂದ ನಾಲ್ಕನೆಯ ಬೇಸಿಗೆ. ತಿಗಣೆ ಕೊಲ್ಲಲು ಮನೆಮನೆಗೂ ಔಷಧಿ ಹೊಡೆಯುತ್ತಾರೆಂದು ಡಂಗುರ ಸಾರಿದಾಗ ಅವಳ ಕಿವಿ ನೆಟ್ಟಗಾಯಿತು.

"ತಗಣಿ ಸಿಕ್ಕ ಹಾಸಿಗಿ ಹಂಡೇದಾಗ ಕುದಸ್ತಾರಂತ. ನಮ್ಮ ಓಣಿಯಿಂದನ ಸುರು," ಎಂದ ಎದುರುಮನೆಯ ಮುದಕಪ್ಪ.

"ನಮ್ಮ ಓಣಿಯಿಂದನ ಯಾಕ? ತಗಣಿ ಏನು ಜಾತಿ ಕೇಳಿ ಕಚ್ಚತಾವೇನು?"

"ಕಂಬಳ್ಯಾಗನ ಹುಟ್ಟತಾವಂತ ಕಾರಕೂನರು ಬರದಾರವ್ವ."

ಕುಲದೇವರು ಬೀರಪ್ಪನ ಗದ್ದುಗೆಗೆಂದು ವರ್ಷವಿಡೀ ನೂತು ನೇಯಿಸಿದ ಕರಿಕಂಬಳಿ ಸತ್ಯವ್ವನ ಮನೆಯಲ್ಲಿತ್ತು. ಕುದಿಸಿದರೆ ಉಣ್ಣೆ ಮುದುಡಿ ಗಂಟಾಗುತ್ತದೆ. ಅಂಥದ್ದನ್ನು ದೇವರಿಗೆ ಹಾಸುವಂತಿಲ್ಲ.

ಮುಚ್ಚಿಡುವುದೆಲ್ಲಿ? ಯಾರೂ ತಪಾಸಣೆ ಮಾಡದ ಮನೆಯನ್ನೇ ಆರಿಸಿದಳು: ಹಾಗೆ ಬರೆದ ಕಚೇರಿಯ ಕಾರಕೂನ ಕೃಷ್ಣಾಜಿಯದು! ಅವನ ಹೆಂಡತಿ ವತ್ಸಲಾಬಾಯಿ ಹಳೆಯ ಗಿರಾಕಿ. ಕಂಬಳಿ ಕೊಡುವ ಪದ್ಧತಿಯಂತೆ ಸತ್ಯವ್ವ ಅದನ್ನು ಬಿಳಿ ಧೋತರದ ಮೇಲೆ ಮೂರು ಸಲ ಝಾಡಿಸಿ, "ಬಾಯಾರ, ನೋಡ್ಕೋರಿ, ಒಂದೂ ತಗಣಿ ಇಲ್ಲ. ಔಷಧಿಯವರು ಹೋಗೂತನಕ ಇಟ್ಕೋರಿ," ಎಂದಳು. ಉಣ್ಣೆಗೆ ಮೈಲಿಗೆಯಿಲ್ಲವೆಂದು ಆಕೆ ಇಸಿದುಕೊಂಡು, ಗಂಡನಿಗೆ ಕಾಣದಂತೆ ಮಂಚದ ಗಾದಿಯ ಕೆಳಗೆ ಹಾಸಿದಳು.

ಮೂರು ದಿನಕ್ಕೆ ಓಣಿಯ ಕೆಲಸ ಮುಗಿಯಿತು. ಸತ್ಯವ್ವನ ಮನೆಯಲ್ಲಿ ಏನೂ ಸಿಗಲಿಲ್ಲ. ಅವಳು ಕಂಬಳಿ ಇಸಿದುಕೊಂಡು ಬಾಯಿಯವರ ಮನೆಯಿಂದ ಬೀದಿಗೆ ಬಂದಿದ್ದಳಷ್ಟೇ, ಕೃಷ್ಣಾಜಿ ಔಷಧಿಯ ಪಂಪು ಹೊತ್ತ ಆಳು ಪರಸಪ್ಪನೊಂದಿಗೆ ಎದುರಾದ.

"ಏನವ್ವಾ, ಇದನ್ನ ಎಲ್ಲಿ ಮುಚ್ಚಿಟ್ಟಿದ್ದಿ?" ಎಂದು ಬಿಚ್ಚಿಸಿದ. ಒಳಗಿಂದ ಎರಡು ದಪ್ಪ ತಿಗಣೆ ಹರಿದವು. "ನಾ ಹೇಳಿದ್ದಿಲ್ಲ? ಹಂಡೇಕ್ಕ ಹಾಕೋ ಪರಸಪ್ಪ!"

ಕೃಷ್ಣಾಜಿಯೇ ಉದುರಿಸಿದನೇನೋ ಎಂದು ಸತ್ಯವ್ವ ಅವನ ಅಂಗಿಯ ತೋಳುಗಳನ್ನೇ ನೋಡಿದಳು. ಆಮೇಲೆ ಹೊಳೆಯಿತು: ಇವು ಬಾಯಿಯವರ ಗಾದಿಯಿಂದಲೇ ಹತ್ತಿದವು. ಹೇಳಿದರೆ ಬಾಯಿಯವರ ಮಾನ, ಹೇಳದಿದ್ದರೆ ಬೀರಪ್ಪನ ಕಂಬಳಿ. ಸಂಚಿಯಿಂದ ದೇವರ ಅರಿಶಿನ, ಆ ಭಂಡಾರವನ್ನು ತೆಗೆದು ಹಣೆಗೆ ಹಚ್ಚಿಕೊಂಡಳು.

"ಭಂಡಾರ ಮುಟ್ಟಿ ಹೇಳತೇನ್ರಿ, ನನ್ನ ಮನಿಯಿಂದ ಹೊರಬಿದ್ದಾಗ ಇದು ಸ್ವಚ್ಛ ಇತ್ತು. ಎಲ್ಲಿತ್ತಂತ ಮಾತ್ರ ಕೇಳಬ್ಯಾಡ್ರಿ."

"ಯಾಕ ಕೇಳಬಾರದು?"

"ನಮ್ಮ ಗಾದಿ ಕೆಳಗ ಇತ್ತು," ಎಂದಳು ಬಾಗಿಲಲ್ಲಿ ನಿಂತ ವತ್ಸಲಾಬಾಯಿ. "ಝಾಡಿಸಿ ಕೊಟ್ಟಾಳ, ನಾನ ಕಣ್ಣಾರೆ ನೋಡೇನಿ. ಮೊದಲು ನಿಮ್ಮ ಮಂಚ ನೋಡ್ರಿ."

ಗಾದಿ ಎತ್ತಿದರೆ ಮಂಚದ ಸಂದುಸಂದಿನಲ್ಲೂ ಅಗಸಿಬೀಜ ತುಂಬಿದಂತೆ ತಿಗಣೆ. ಪರಸಪ್ಪ ಗಂಭೀರವಾಗಿ ಹೇಳಿದ: "ಸಾಹೇಬ್ರ, ಈ ಮಂಚ ನಮ್ಮ ಹಂಡೇದಾಗ ಹಿಡಿಯಂಗಿಲ್ರಿ!"

ಕೃಷ್ಣಾಜಿ ಕಂಬಳಿ ಬಿಟ್ಟುಕೊಟ್ಟ. ಸತ್ಯವ್ವ ಅದನ್ನು ಮೂರು ಮಧ್ಯಾಹ್ನ ಕಾದ ಬಂಡೆಯ ಮೇಲೆ ಒಣಗಿಸಿ ಗುಡಿಗೆ ಒಯ್ದಳು. ಹಾಸುವ ಮೊದಲು ಗದ್ದುಗೆಯ ಸಂದುಗಳಲ್ಲೆಲ್ಲ ಕಡ್ಡಿಯಾಡಿಸಿದಳು.

"ದೇವರ ಮ್ಯಾಲೂ ಸಂಶೆ ಏನವ್ವಾ?" ಎಂದ ಮುದಕಪ್ಪ.

"ದೇವರನ್ನ ನಂಬತೇನಿ. ನಿನ್ನೆ ಈ ಗದ್ದಗಿಗೆ ಯಾರ್ಯಾರು ಬೆನ್ನು ಹಚ್ಚಿ ಕುಂತಿದ್ರೋ, ಅವರನ್ನ ನಂಬಂಗಿಲ್ಲ," ಎಂದಳು ಸತ್ಯವ್ವ.