ಸರ್ ದನಿ ಮತ್ತು ಒಂದು ಬಾಟಲಿ ಪೆಟ್ರೋಲ್

ನನ್ನ ಬೈಕಿನ ಪಕ್ಕದ ಡಬ್ಬಿಯಲ್ಲಿ ನಟ್ಟು ಬಿಚ್ಚುವ ಎರಡು ಪಾನಾ, ಒಂದು ಪಕ್ಕಡ್, ಹಳೆಯ ಪ್ಲಗ್ಗು, ಸುತ್ತಿಟ್ಟ ಪೈಪು, ಮತ್ತೆ ಪ್ಲಾಸ್ಟಿಕ್ ಬಾಟಲಿಯಲ್ಲಿ ಪೆಟ್ರೋಲ್ ಯಾವಾಗಲೂ ಇರುತ್ತವೆ. ಪಾನಾವನ್ನು ಯಾವ ತುದಿಯಲ್ಲಿ ಹಿಡಿಯಬೇಕು ಎಂಬುದರಾಚೆ ನನಗೆ ಹೆಚ್ಚಿಗೆ ಗೊತ್ತಿಲ್ಲ. ಆದರೆ ಇಂಡಿ ಊರಿನ ನಮ್ಮ ಮೆಕ್ಯಾನಿಕ್ ಎಂಜಿನ್ನಿಗೆ ಕಿವಿಗೊಟ್ಟು, "ಒಳಗ ಚೈನ್ ಅಳಾಕತ್ತೈತಿ ನೋಡ್ರಿ" ಎಂದು ಹೇಳುವುದನ್ನು ಹುಬ್ಬಿನ ಸಮೇತ ಮಾಡಿ ತೋರಿಸಬಲ್ಲೆ. ನನ್ನ ವಿದ್ಯೆಯೆಲ್ಲ ಅಷ್ಟೇ. ದನಿ ಬರುತ್ತದೆ, ಕೆಲಸ ಬರುವುದಿಲ್ಲ.

ಈ ವಿದ್ಯೆ ನನಗೆ ಹತ್ತಿದ್ದು ತಾಂಬಾದ ಹೈಸ್ಕೂಲಿನಲ್ಲಿ, ಪಿ.ಟಿ. ಸರ್ ಅವರಿಂದ. ಮೈದಾನದ ಈ ತುದಿಯಲ್ಲಿ ನಿಂತು ಅವರು "ಸಾವಧಾನ್!" ಎಂದರೆ ಆ ತುದಿಯ ಎಮ್ಮೆಗಳೂ ಮೇಯುವುದನ್ನು ನಿಲ್ಲಿಸುತ್ತಿದ್ದವು. ಆ ದನಿಯನ್ನು ನಾನು ಬೇವಿನ ಗಿಡದ ಹಿಂದೆ, ನೀರಿನ ಟಾಕಿಯ ಹಿಂದೆ, ಎಲ್ಲೆಲ್ಲಿ ಸರ್ ಇರುತ್ತಿರಲಿಲ್ಲವೋ ಅಲ್ಲೆಲ್ಲ ಮಾಡಿದೆ. ಮುಂದೆ ಮದುವೆ ಮನೆಗಳಲ್ಲಿ, ಗಣೇಶನ ಪೆಂಡಾಲಿನಲ್ಲೂ ಮಾಡಿದೆ. ಅವರೆದುರು ಮಾತ್ರ ಮಾಡಿರಲಿಲ್ಲ.

ಆಮೇಲೆ ಅವರಿಗೆ ಬಸವನ ಬಾಗೇವಾಡಿ ಕಡೆ ವರ್ಗವಾಯಿತು. ಮೊನ್ನೆ ಅಲ್ಲಿಯೇ ನಿವೃತ್ತಿಯ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಆ ಶಾಲೆಯಲ್ಲಿ ಕಲಿಸುವ ಅಕ್ಕೋರೊಬ್ಬರು ಫೋನ್ ಮಾಡಿದರು.

"ನೀವು ಬರಾಕಽ ಬೇಕ್ರಿ. ಸರ್ ಹೇಳ್ಯಾರ, 'ಆ ನಕಲಿ ಮಗನ್ನ ಕರೀರಿ. ನನ್ನ ದನಿ ಊರ ಮಂದಿಯೆಲ್ಲಾ ಕೇಳ್ಯಾರ, ನಾ ಒಬ್ಬನ ಕೇಳಿಲ್ಲ' ಅಂತ."

ಅಷ್ಟು ವರ್ಷ ಕದ್ದ ದನಿಯನ್ನು ಒಡೆಯನಿಗೇ ಒಪ್ಪಿಸುವ ದಿನ! ಸರ್ ಯಾಕೆ ತಾವೇ ಫೋನ್ ಮಾಡಲಿಲ್ಲ ಎಂದು ಕೇಳುವಷ್ಟು ಬುದ್ಧಿ ನನಗೆ ಆಗ ಹೊಳೆಯಲಿಲ್ಲ.

ಬೆಳಿಗ್ಗೆ ಇಂಡಿ ಬಿಟ್ಟೆ. ಹೆಲ್ಮೆಟ್ಟಿನೊಳಗೇ "ಸಾವಧಾನ್" ಎನ್ನುತ್ತ ತಾಂಬಾ ದಾಟಿ ಸಿಂದಗಿ ದಾರಿ ಹಿಡಿದೆ. ಒಂದು ಕಡೆ, ಹಿಂದಿನ ಸೀಟಿಗೆ ನಿಂಬೆಹಣ್ಣಿನ ಚೀಲ ಬಿಗಿದ ಬೈಕನ್ನು ಒಬ್ಬ ಕಾಕಾ ನೂಕುತ್ತಿದ್ದ.

"ಎಣ್ಣಿ ತೀರೇತ್ರೀ ಕಾಕಾ?" ಎಂದೆ.

"ಇಲ್ಲಪ, ಇದಕ್ಕ ವಾಕಿಂಗ್ ಮಾಡಸಾಕತ್ತೇನಿ," ಎಂದ ಕಾಕಾ.

ನಾನು ಮೆಕ್ಯಾನಿಕ್ಕಿನ ಹುಬ್ಬು ಏರಿಸಿ ಡಬ್ಬಿ ತೆಗೆದೆ. ಬಾಟಲಿ ಹಗುರಾಗಿತ್ತು. ಕುಲುಕಾಟಕ್ಕೆ ಮುಚ್ಚಳ ಸಡಿಲಾಗಿ, ಪೆಟ್ರೋಲೆಲ್ಲ ಪಾನಾ ಸುತ್ತಿದ ಅರಿವೆಗೆ ಸ್ನಾನ ಮಾಡಿಸಿ ಹಾರಿಹೋಗಿತ್ತು. ಹುಬ್ಬು ಏರಿಸಿಯಾಗಿದೆ, ಇಳಿಸುವುದು ಹೇಗೆ? ನನ್ನ ಟ್ಯಾಂಕಿಗೆ ಪೈಪು ಇಳಿಬಿಟ್ಟು ಬಾಯಿಂದ ಎಳೆಯತೊಡಗಿದೆ.

ಕಾಕಾ ನನ್ನ ಉಬ್ಬಿದ ಗಲ್ಲ ನೋಡಿ, "ಸಾವಕಾಶ ಎಳಿಯೋ ತಮ್ಮಾ. ಕೂಸು ಹಾಲು ಕುಡಿದಂಗ ಕುಡೀಬ್ಯಾಡ, ತೇಗು ಬಂದೀತು," ಎಂದ.

ನನಗೆ ನಗು ಬಂತು. ಪೆಟ್ರೋಲೂ ಬಂತು. ಎರಡೂ ಗಂಟಲಲ್ಲಿ ಎದುರುಬದುರಾದವು.

ಕೆಮ್ಮಿ ಕೆಮ್ಮಿ ಕಣ್ಣು ಕತ್ತಲಾಗುವಾಗ ಕಾಕಾ ಗಾಬರಿಯಾಗಿ ಚೀಲಕ್ಕೆ ಕೈಹಾಕಿ ನಿಂಬೆಹಣ್ಣು ಹರಿದು ನನ್ನ ಬಾಯಿಗೆ ಹಿಂಡಿದ. ಸುಟ್ಟ ಗಂಟಲಿಗೆ ನಿಂಬೆಹುಳಿ! ಆಮೇಲೆ ಬಾಟಲಿಗೆ ಇಳಿದ ಪೆಟ್ರೋಲನ್ನು ಅವನ ಟ್ಯಾಂಕಿಗೆ ಸುರಿದೆವು. "ದೇವರು ನಿನ್ನ ಚಲೋ ಇಟ್ಟಿರ್ಲಿ," ಎಂದು ಅವನು ಹೊರಟ. ಉತ್ತರ ಕೊಡಲು ಬಾಯಿ ತೆರೆದರೆ ಒಡೆದ ಕೊಳವೆಯಲ್ಲಿ ಗಾಳಿ ಹೊಕ್ಕಂತೆ ಏನೋ ಒಂದು ಹೊರಬಂತು. ಮುಂದೆ ದಾರಿಯುದ್ದಕ್ಕೂ ನೀರು ಕುಡಿದೆ. "ಸಾವಧಾನ್" ಬರಲಿಲ್ಲ.

ಬಾಗೇವಾಡಿ ಮುಟ್ಟಿದಾಗ ಸರ್ ಮಾತಾಡುತ್ತಿದ್ದರು. ಕೊರಳಿಗೆ ಮಫ್ಲರು. ಹಿಂದಿನ ಸಾಲಿನಲ್ಲಿ ನಿಂತು ಕೇಳಿದೆ, ಮೈಕಿನ ದೋಷವೆಂದುಕೊಂಡೆ. ದೋಷ ಮೈಕಿನದಾಗಿರಲಿಲ್ಲ. ಬದಿಗಿದ್ದವರು ಪಿಸುಗುಟ್ಟಿದರು, "ಗಂಟಲಾಗ ಗಂಟಾಗಿತ್ತು, ಆಪರೇಶನ್ ಮಾಡ್ಯಾರ." ಆ ದೊಡ್ಡ ದನಿ ಹೋಗಿ, ತಗಡಿನ ಮೇಲೆ ಮರಳು ಎಳೆದಂಥ ಒಂದು ಸಪ್ಪಳ ಉಳಿದಿತ್ತು.

ಅವರು ಕೇಳಬೇಕೆಂದಿದ್ದು ಆ ಹಳೆಯ ದನಿ. ಅದು ಈಗ ಉಳಿದಿದ್ದರೆ ನನ್ನ ಹತ್ತಿರ ಮಾತ್ರ ಉಳಿದಿತ್ತು.

ಅಕ್ಕೋರು ನನ್ನನ್ನು ಕರೆದರು. ನಾನು ಕೈ ಆಡಿಸಿ ಬೇಡವೆಂದೆ. ಜನ ಅದನ್ನೂ ನಕಲಿಯೆಂದು ಚಪ್ಪಾಳೆ ಹೊಡೆದು ಮೇಲೆ ತಳ್ಳಿದರು. ಗಂಟಲು ಕೆಟ್ಟಿದೆ ಎಂದಷ್ಟು ಹೇಳಿ ಇಳಿಯೋಣವೆಂದು ಮೈಕ್ ಹಿಡಿದೆ.

"ಮಾಫ್ ಮಾಡ್ರಿ ಸರ್..."

ಮೈಕಿನಿಂದ ಹೊರಟದ್ದು ಸರ್ ದನಿ. ಈಗಿನ ಸರ್ ದನಿ, ತಗಡಿನ ಮೇಲಿನ ಆ ಮರಳಿನ ಸಮೇತ.

ಎಲ್ಲರೂ ಮೊದಲು ಸರ್ ಕಡೆ ನೋಡಿದರು. ಆಮೇಲೆ ಮುಂದೆ ಕೂತ ಹುಡುಗರು ನಕ್ಕರು, ಅವರ ಹಿಂದೆ ಎಲ್ಲರೂ. "ಖರೇನ ಹೇಳ್ತೇನ್ರಿ, ಪೆಟ್ರೋಲ್ ನುಂಗೇನಿ!" ಎಂದೆ. ನಗೆ ಇಮ್ಮಡಿಯಾಯಿತು. ಬಾಯಿ ಬಿಟ್ಟಷ್ಟೂ ಅಪರಾಧ ಬೆಳೆಯುತ್ತಿತ್ತು. ಸರ್ ಕೂಡ ನಕ್ಕರು, ಆದರೆ ಅವರ ಕೈ ಮಫ್ಲರನ್ನು ಇನ್ನೊಂದು ಸುತ್ತು ಬಿಗಿ ಮಾಡಿತು.

ಕೆಳಗಿಳಿದು ಮೊಬೈಲಿನಲ್ಲಿ "ದಾರಿಯಲ್ಲಿ ಪೆಟ್ರೋಲ್ ನುಂಗಿದೆ, ಇದು ನಕಲಿ ಅಲ್ಲ ಸರ್" ಎಂದು ಬರೆದು ತೋರಿಸಿದೆ. ಅವರು ಓದಿ ನನ್ನ ಹತ್ತಿರ ಮೂಗು ತಂದರು.

"ಲಿಂಬಿಹಣ್ಣಿನ ವಾಸನಿ ಬರಾಕತ್ತೈತಿ. ಸುಳ್ಳ ಹೇಳೂದು ಇನ್ನೂ ಬಿಟ್ಟಿಲ್ಲಲೇ ನೀ."

ಓಡಿಹೋಗಿ ಬಾಟಲಿ ತಂದೆ. ಖಾಲಿ ಬಾಟಲಿ, ಗಂಟಲು, ಮತ್ತೆ ಬಾಟಲಿ, ಹೀಗೆ ಬೆರಳಿಂದ ತೋರಿಸಿದೆ. ಜಗತ್ತಿನ ಎಲ್ಲರ ಹಾವಭಾವ ಮಾಡಬಲ್ಲ ನನಗೆ ನನ್ನದೇ ಒಂದು ಮಾತನ್ನು ತಿಳಿಸಲಾಗಲಿಲ್ಲ.

"ಎಣ್ಣಿ ತೀರೇತಿ ಅಂತ ಬಾಯಿಬಿಟ್ಟ ಹೇಳಾಕ ಏನಾಗೈತಿ?" ಎಂದು ಸರ್ ಬಾಟಲಿ ಕಸಿದುಕೊಂಡರು. ಯಾರನ್ನೋ ಪಂಪಿಗೆ ಕಳಿಸಿ ತುಂಬಿಸಿದರು. ಸನ್ಮಾನದ ಹಾರಕ್ಕೆ ಸುತ್ತಿದ್ದ ಪ್ಲಾಸ್ಟಿಕ್ ಹರಿದು ಬಾಟಲಿಯ ಬಾಯಿಗಿಟ್ಟು, ತಾವೇ ಮುಚ್ಚಳ ತಿರುವಿ, ತಲೆಕೆಳಗೆ ಮಾಡಿ ನೋಡಿದರು.

"ಈಗ ಸೋರೂದಿಲ್ಲ ನೋಡು."

ಅದನ್ನು ಡಬ್ಬಿಯಲ್ಲಿಟ್ಟು ನಾನು ಕಿಕ್ ಹೊಡೆಯುವಾಗ ಸರ್ ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟರು.

"ಚಲೋ ಮಾಡ್ತೀಯಪ. ಬರೋಬ್ಬರಿ ಬಂದೈತಿ. ಆದ್ರ ಒಂದ್ ಮಾತು. ಹೊರಗ ಮಾಡೂ ಮುಂದ ಹಳೇ ದನಿನ ಮಾಡು. ಇದನ್ನ ಮಾಡಬ್ಯಾಡ."

"ಹೌದ್ರಿ ಸರ್" ಎನ್ನಬೇಕಿತ್ತು. ಎಂದಿದ್ದರೆ ಅದೂ ಇದೇ ದನಿಯಲ್ಲಿ ಬರುತ್ತಿತ್ತು. ತಲೆಯಷ್ಟೇ ಅಲ್ಲಾಡಿಸಿದೆ.