ಕೊನೆಯ ಪದ ಮಕ್ಕಳದ್ದು

ನನ್ನ ಹೆಂಡತಿ ಯಾವ ಮಾತನ್ನೂ ಪೂರ್ತಿ ಹೇಳುವುದಿಲ್ಲ. ಇದು ದೂರಲ್ಲ, ಅವಳ ಕಸುಬೇ ಅದು. ಮೂರು ನಾಲ್ಕು ವರ್ಷದ ಮಕ್ಕಳಿಗೆ ಪ್ರಾಸ ಕಲಿಸುತ್ತಾಳೆ. ಮಕ್ಕಳು ಅವಳನ್ನು ಕರೆಯುವುದೇ ಪ್ರಾಸದ ಮಿಸ್ ಎಂದು. ಮೊದಲ ಸಾಲನ್ನು ಪೂರ್ತಿ ಹೇಳುತ್ತಾಳೆ. ಎರಡನೆಯ ಸಾಲಿನ ಕೊನೆಯ ಪದಕ್ಕೆ ಬಂದಾಗ ಗಕ್ಕನೆ ನಿಂತು ಅಂಗೈ ಮುಂದಕ್ಕೆ ಚಾಚುತ್ತಾಳೆ. ಉಳಿದದ್ದನ್ನು ಮಕ್ಕಳು ತುಂಬಬೇಕು.

"ಇಲಿ ಏರಿತು ಅಟ್ಟ, ಬೆಕ್ಕು ಹಿಡಿಯಿತು..."

"ಜುಟ್ಟ!"

ಇಲಿಗೆ ಜುಟ್ಟು ಎಲ್ಲಿಂದ ಬಂತು ಎಂದು ನಾನೊಮ್ಮೆ ಕೇಳಿದ್ದೆ. ನನ್ನ ಬೋಳುತಲೆಯ ಕಡೆ ನೋಡಿ, "ನಿಮಗಿಲ್ಲ ಅಂತ ಯಾರಿಗೂ ಇರಬಾರದಾ?" ಎಂದಳು. ಅಂದಿನಿಂದ ನಾನು ಪ್ರಾಸದ ತಂಟೆಗೆ ಹೋಗಿಲ್ಲ.

ನಾನು ದರ್ಜಿ. ಅರ್ಧಕ್ಕೆ ಬಿಟ್ಟ ಕೆಲಸ ಕಂಡರೆ ನನಗೆ ಮೈ ಉರಿಯುತ್ತದೆ. ಒಂದೇ ತೋಳಿನ ಅಂಗಿ ಹೊಲಿದು ಗಿರಾಕಿಯ ಮುಂದೆ ಅಂಗೈ ಚಾಚಿದರೆ ಏನಾಗುತ್ತದೆಂದು ಇವಳೊಮ್ಮೆ ನೋಡಬೇಕು. ಮನೆಯಲ್ಲೂ ಇವಳದು ಅದೇ ಚಾಳಿ. "ರೀ, ಒಲೆ ಮೇಲೆ ಹಾಲಿದೆ, ಉಕ್ಕೋ ಮುಂಚೆ..." ಎಂದು ನಿಲ್ಲಿಸಿ, ಅಡುಗೆಮನೆ ಬಾಗಿಲಲ್ಲಿ ಕೈ ಚಾಚಿಕೊಂಡು ನಿಲ್ಲುತ್ತಾಳೆ. ನಾನು ತುಟಿ ಪಿಟಕ್ಕೆನ್ನುವುದಿಲ್ಲ. ಮದುವೆಯಾದಾಗಿನಿಂದ ಅವಳ ಒಂದೇ ಒಂದು ಮಾತನ್ನೂ ನಾನು ತುಂಬಿಕೊಟ್ಟಿಲ್ಲ. ಅದು ನನ್ನ ಹಟ. ಕೊನೆಗೆ ಅಮ್ಮ ಒಳಗಿನಿಂದ, "ಆರಿಸ್ತಾನೆ ಬಿಡೇ!" ಎಂದು ಕೂಗುತ್ತಾಳೆ. ಅಷ್ಟರಲ್ಲಿ ಹಾಲು ಉಕ್ಕಿರುತ್ತದೆ.

ಇನ್ನು ಅವಳ ಚೀಲದ ಕಥೆ. ಆ ಬಟ್ಟೆಯ ಚೀಲವನ್ನು ಹೊಲಿದುಕೊಟ್ಟವನು ನಾನೇ, ನನಗೆ ಬುದ್ಧಿ ಇರಲಿಲ್ಲ. ಮಕ್ಕಳು ಪದ ತುಂಬುವ ಮೊದಲು ಅವರ ಕಿವಿ ಪಳಗಬೇಕಂತೆ. ಅದಕ್ಕೆ ಚೀಲದಿಂದ ಮೂರು ಸಾಮಾನು ತೆಗೆದು ಚಾಪೆಯ ಮೇಲೆ ಸಾಲಾಗಿ ಇಡುತ್ತಾಳೆ: ದಾರ, ಹಾರ, ಬಾಚಣಿಗೆ. ಮಕ್ಕಳು ಒಂದೊಂದರ ಹೆಸರನ್ನೂ ಗಟ್ಟಿಯಾಗಿ ಹೇಳಿ, ಪ್ರಾಸಕ್ಕೆ ಹೊಂದದ್ದನ್ನು "ನೀನು ನಮ್ಮ ಮನೆಯವನಲ್ಲ, ಹೋಗು!" ಎಂದು ಬುಟ್ಟಿಗೆ ಎಸೆಯಬೇಕು. ಹಾಗೆ ಬುಟ್ಟಿಗೆ ಬಿದ್ದ ಬಾಚಣಿಗೆ ನನ್ನದು. ಅದಕ್ಕೆ ನಾನು ಅಳಲಿಲ್ಲ, ಅದರಿಂದ ನನಗೆ ಆಗಬೇಕಾದದ್ದೂ ಏನಿರಲಿಲ್ಲ. ಆದರೆ ದಾರದ ಉಂಡೆಯೂ ನನ್ನದೇ! ಆಟಿಕೆ ಬಂಡಿಯ ಜೊತೆ ಪ್ರಾಸಕ್ಕೆ ಕೂರಿಸಲು ಒಯ್ದ ಗುಂಡಿಗಳೂ ನನ್ನವೇ. ಅಂಗಡಿಯಲ್ಲಿ ಗಿರಾಕಿ ಎದೆ ತೆರೆದುಕೊಂಡು ಕೂತಿದ್ದರೆ, ಅವನ ಗುಂಡಿ ಶಾಲೆಯಲ್ಲಿ ಪಾಠ ಮಾಡುತ್ತಿರುತ್ತದೆ.

ಹೀಗಿರುವಾಗ ಶಾಲೆಯ ಒಡತಿ, ಎಲ್ಲರೂ ದೊಡ್ಡ ಮಿಸ್ ಎನ್ನುವವರು, ಇವಳನ್ನು ಕರೆಸಿದರು. "ಮಗು ಬರೀ ಇಲಿ, ಬೆಕ್ಕು ಅನ್ನುತ್ತೆ, ನೂರರ ತನಕ ಯಾವಾಗ ಎಣಿಸುತ್ತೆ ಅಂತ ಪಾಲಕರು ಕೇಳ್ತಾರೆ. ನಾನೇನು ಹೇಳಲಿ?" ಎಂದರಂತೆ. ವಾರ್ಷಿಕೋತ್ಸವದ ದಿನ ಪಾಲಕರ ಎದುರು ಮಕ್ಕಳಿಂದ ಮಾಡಿಸಿ ತೋರಿಸಬೇಕು. ಅವರು ಮೆಚ್ಚಿದರೆ ಪಾಠ ಉಳಿಯುತ್ತದೆ. ಇಲ್ಲದಿದ್ದರೆ ಆ ಹೊತ್ತಿನಲ್ಲಿ ಅಂಕಿ ಕಲಿಸುವುದು, ಇವಳನ್ನು ಶಾಲೆಯ ವ್ಯಾನಿಗೆ ಮಕ್ಕಳನ್ನು ಹತ್ತಿಸಿ ಇಳಿಸಲು ಹಾಕುವುದು ಎಂದು ತೀರ್ಮಾನವಾಯಿತು.

ಆ ಸಂಜೆ ಇವಳು, "ಒಲೆ ಮೇಲೆ ಹಾಲಿದೆ, ಉಕ್ಕೋ ಮುಂಚೆ ಆರಿಸಿ," ಎಂದಳು. ಪೂರ್ತಿ ಹೇಳಿದಳು! ಕೈಯನ್ನೂ ಚಾಚಲಿಲ್ಲ. ನಾನು ತಟ್ಟನೆ ಎದ್ದು ಹೋಗಿ ಆರಿಸಿ ಬಂದೆ. "ಇವಳಿಗೆ ಹುಷಾರಿಲ್ಲವೇನೋ?" ಎಂದು ಅಮ್ಮ ನನ್ನನ್ನು ಪಿಸುದನಿಯಲ್ಲಿ ಕೇಳಿದಳು.

ವಾರ್ಷಿಕೋತ್ಸವದ ಬೆಳಿಗ್ಗೆ ಅಂಗಡಿಯಲ್ಲಿ ಅವಸರದ ಹೊಲಿಗೆಯೊಂದಿತ್ತು. ಅವಳ ಚೀಲಕ್ಕೆ ಕೈ ಹಾಕಿ ನನ್ನ ದಾರದ ಉಂಡೆಯನ್ನು ಎತ್ತಿಕೊಂಡೆ. ಜಗಳ ಆಗುತ್ತದೆಂದು ಸೊಂಟ ಕಟ್ಟಿ ನಿಂತಿದ್ದೆ. ಅವಳು ಮಾತ್ರ, "ತಗೊಳ್ಳಿ. ನಾಳೆಯಿಂದ ಹೇಗೂ ನಂಗೆ ಬೇಡವಲ್ಲ," ಎಂದು ಸುಮ್ಮನೆ ಚಪ್ಪಲಿ ಮೆಟ್ಟಿ ಹೊರಟಳು. ನನಗೆ ಬಹಳ ಕಷ್ಟವಾಯಿತು. ಹೊಲಿಗೆಯೂ ಸೊಟ್ಟಗಾಯಿತು.

ಮಧ್ಯಾಹ್ನ ಅಮ್ಮನೂ ನಾನೂ ಹೋಗಿ ಹಿಂದಿನ ಸಾಲಿನಲ್ಲಿ ಕೂತೆವು. ಅಲ್ಲಿದ್ದದ್ದು ಮಕ್ಕಳ ಕುರ್ಚಿಗಳು. ಪಾಲಕರೆಲ್ಲ ಮೊಣಕಾಲನ್ನು ಗಲ್ಲಕ್ಕೆ ತಾಗಿಸಿಕೊಂಡು ಗಂಭೀರವಾಗಿದ್ದರು. ಮಕ್ಕಳು ಮುಂದೆ ಚಾಪೆಯ ಮೇಲಿದ್ದರು. ಅವರ ನಡುವೆ ಎಲ್ಲರಿಗಿಂತ ಪುಟ್ಟದೊಂದು ಹುಡುಗಿ. ಗಟ್ಟಿ ದನಿಯಿಂದಾಗಿ ನನ್ನ ಹೆಂಡತಿ ಅದಕ್ಕಿಟ್ಟ ಹೆಸರು ಗುಡುಗು. ಮೊದಲು ಮುಖ್ಯ ಅತಿಥಿಗಳ ಭಾಷಣ, ಆಮೇಲೆ ಪ್ರಾಸ.

ಮುಖ್ಯ ಅತಿಥಿ ಹಲ್ಲಿನ ಡಾಕ್ಟರು. ಒಳ್ಳೆಯ ಮನುಷ್ಯ, ಆದರೆ ಭಾಷಣ ಮಾಡಿ ಪಳಗಿದವರು. ಪ್ರತಿ ಮಾತಿಗೂ ನಿಲ್ಲುತ್ತಾರೆ, ನಿಂತಾಗಲೆಲ್ಲ ಅಂಗೈಯನ್ನು ಸಭೆಯ ಕಡೆ ಚಾಚುತ್ತಾರೆ.

"ಮಕ್ಕಳೇ, ದಿನಾ ಉಜ್ಜಬೇಕು ಹಲ್ಲು..." ಎಂದು ಅವರು ಕೈ ಚಾಚಿದರು.

"ಕಲ್ಲು!" ಎಂದಿತು ಚಾಪೆ.

ಡಾಕ್ಟರು ಬೆಚ್ಚಿದರು. ಇವಳು ಗೋಡೆಯ ಪಕ್ಕದಿಂದ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ಆದರೆ ಮಕ್ಕಳ ಕಣ್ಣು ಚಾಚಿದ ಕೈ ಮೇಲಿತ್ತು.

"ಉಜ್ಜದಿದ್ದರೆ ಬರುತ್ತೆ ನೋವು..."

"ಹಾವು!"

"ಆಗ ನೀವು ನನ್ನ ಹತ್ತಿರ ಬರಬೇಕು..."

"ಅಳಬೇಕು!"

ಪಾಲಕರ ಕುರ್ಚಿಗಳು ಕಿರುಗುಟ್ಟತೊಡಗಿದವು. ಡಾಕ್ಟರು ಕರ್ಚೀಫಿನಿಂದ ಹಣೆ ಒರೆಸಿಕೊಂಡು, ಆದಷ್ಟು ಮೆತ್ತಗಿನ ದನಿಯಲ್ಲಿ, "ಹೆದರಬೇಡಿ ಪುಟ್ಟಾ, ನಾನು ಸುಮ್ಮನೆ ನೋಡ್ತೀನಿ..." ಎಂದು ಮತ್ತೆ ಕೈ ಚಾಚಿದರು.

"ನಾನು ಓಡ್ತೀನಿ!" ಎಂದಿತು ಗುಡುಗು, ಒಂಟಿಯಾಗಿ.

ಸಭೆ ಬಿದ್ದು ಬಿದ್ದು ನಕ್ಕಿತು. ನಗದೆ ಇದ್ದವರು ಇಬ್ಬರೇ. ದೊಡ್ಡ ಮಿಸ್ ಮುಖ ಕೆಂಪಾಗಿತ್ತು, ನನ್ನ ಹೆಂಡತಿಯ ಮುಖ ಬಿಳಿಚಿಕೊಂಡಿತ್ತು. ದೊಡ್ಡ ಮಿಸ್ ಮೈಕನ್ನು ಇವಳ ಕೈಗೆ ತುರುಕಿ, "ಡಾಕ್ಟರ ಹತ್ರ ಕ್ಷಮೆ ಕೇಳಿ," ಎಂದರು. ಅದು ಮೈಕಿನಲ್ಲೇ ಎಲ್ಲರಿಗೂ ಕೇಳಿತು. ನಗು ನಿಂತಿತು.

ಮಕ್ಕಳ ಮುಂದೆ ಕಪ್ಪೆಯಂತೆ ಕುಪ್ಪಳಿಸುವ ಇವಳಿಗೆ ದೊಡ್ಡವರ ಮುಂದೆ ಬಾಯಿ ಒಣಗುತ್ತದೆ.

"ಡಾಕ್ಟ್ರು ಕ್ಷಮಿಸಬೇಕು. ತಪ್ಪು ಮಕ್ಕಳದ್ದಲ್ಲ. ನಿಲ್ಲಿಸಿದ ಕಡೆ ತುಂಬಿ ಅಂತ ನಾನೇ ಕಲಿಸಿದ್ದು. ಇನ್ನು... ಇನ್ನು ಈ ಪಾಠ ಸಾಕು..."

ಅಲ್ಲಿಗೆ ನಿಲ್ಲಿಸಿದಳು. ಇಷ್ಟೇ ನನ್ನ ಮಾತು ಎನ್ನುವಂತೆ ಅಂಗೈ ಚಾಚಿದಳು.

"ಬೇಕು!"

ಚಾಪೆಯ ಮೇಲಿದ್ದ ಅಷ್ಟೂ ಮಕ್ಕಳು ಒಟ್ಟಿಗೆ ಕೂಗಿದ್ದರು. ಆ ಕೂಗಿನಲ್ಲಿ ಒಂದು ದಪ್ಪ ದನಿಯೂ ಸೇರಿತ್ತು. ಅಮ್ಮ ಬಾಯಿ ಬಿಟ್ಟುಕೊಂಡು ನನ್ನ ಮುಖ ನೋಡಿದಾಗಲೇ ಅದು ನನ್ನದೆಂದು ನನಗೆ ಗೊತ್ತಾದದ್ದು.

ಇವಳಿಗೆ ಮೊದಲು ಅರ್ಥವಾಗಲಿಲ್ಲ. ತನ್ನ ಕೈಯನ್ನು ತಾನೇ ನೋಡಿಕೊಂಡಳು. ಆಮೇಲೆ ಅಳುತ್ತಲೇ ನಕ್ಕುಬಿಟ್ಟಳು. ಪಾಲಕರು ಚಪ್ಪಾಳೆ ತಟ್ಟಿದರು. ಡಾಕ್ಟರು ಮೈಕನ್ನು ತೆಗೆದುಕೊಂಡು, "ನನ್ನ ಹತ್ರ ಬರೋ ಮಕ್ಕಳು ಬಾಯೇ ತೆಗೆಯಲ್ಲ. ಇಲ್ಲಿ ಮುಚ್ಚೋದೇ ಇಲ್ಲ! ಈ ಪಾಠ ನಿಲ್ಲಿಸಬೇಡಿ, ಮೇಡಂ," ಎಂದರು. ದೊಡ್ಡ ಮಿಸ್ ಎದ್ದು, ಪ್ರಾಸದ ಪಾಠ ಮುಂದಿನ ವರ್ಷವೂ ಇರುತ್ತದೆ, ಎಲ್ಲರಿಗೂ ವಂದನೆ ಎಂದು ಎಲ್ಲೂ ಉಸಿರು ನಿಲ್ಲಿಸದೆ ಹೇಳಿ ಮುಗಿಸಿ, ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡರು.

ಮನೆಗೆ ನಡೆಯುವಾಗ ಇವಳು, "ಹಿಂದಿನ ಸಾಲಲ್ಲಿ ಒಬ್ರು ಗಂಡಸರು ಜೋರಾಗಿ ಕೂಗಿದ್ರು. ಅದು ಯಾರು ಅಂದ್ರೆ..." ಎಂದು ನಿಲ್ಲಿಸಿದಳು. ಬೀದಿಯ ನಡುವೆಯೇ ಅಂಗೈ ಚಾಚಿ ನಿಂತಳು.

ನಾನು ತುಟಿ ಬಿಚ್ಚಲಿಲ್ಲ, ಹಟ ಅಂದರೆ ಹಟ. ಜೇಬಿನಿಂದ ದಾರದ ಉಂಡೆ ತೆಗೆದು ಆ ಅಂಗೈ ಮೇಲಿಟ್ಟೆ.