ತೊಗರಿ ಹೊಲಕ್ಕೆ ಸರಿದ ಚಿರತೆ

ಕೋವಿಡ್ ಗಲಾಟೆ ಅಡಗಿದ ಮರುವರ್ಷ ನಾನು ಲಿಂಗಸುಗೂರು ಭಾಗದಲ್ಲಿ ವಲಯ ಅರಣ್ಯಾಧಿಕಾರಿಯಾಗಿದ್ದೆ. ಅದಕ್ಕೂ ಮೊದಲು ತರಬೇತಿಗೆಂದು ಗಿರ್ ಕಾಡಿಗೆ ಹೋಗಿಬಂದಿದ್ದೆ. ಅಲ್ಲಿಂದ ಸಿಂಹದ ಕಥೆ ಹೇಳುವ ಚಟ ಅಂಟಿತ್ತು. ಸಿಂಹ ದೂರದಿಂದ ಅಟ್ಟಿಸಿಕೊಂಡು ಹೋಗುವ ಪ್ರಾಣಿಯಲ್ಲ. ಪೊದೆಯ ಮರೆಯಲ್ಲಿ ಹೊಟ್ಟೆ ನೆಲಕ್ಕೆ ಹಚ್ಚಿ, ಹತ್ತಿರ ಬಂದು ಎರಗುತ್ತದೆ. ಬಯಲಾದರೆ ಕತ್ತಲಿಗೆ ಕಾಯುತ್ತದೆ. ಚಿರತೆಯಂತೂ ಮರೆಯಿಲ್ಲದೆ ಬದುಕುವುದೇ ಇಲ್ಲ. ಗಿಡಗಂಟಿ ಎಲ್ಲಿದೆಯೋ ಬೇಟೆ ಅಲ್ಲಿದೆ ಎಂದು ಸಿಂಧನೂರು, ಮಸ್ಕಿಯ ಶಾಲೆಗಳಲ್ಲೆಲ್ಲ ಭಾಷಣ ಬಿಗಿದವನು ನಾನು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ!

ಆ ಕಾರ್ತಿಕದಲ್ಲಿ ಮುದಗಲ್ ಕಡೆಯ ಒಂದು ಕಲ್ಲುಗುಡ್ಡಕ್ಕೆ ಚಿರತೆ ಬಂತು. ಬುಡದ ಬಳ್ಳಾರಿ ಜಾಲಿಯ ಮುಳ್ಳುಪೊದೆಗಳಲ್ಲಿ ಅಡಗಿ ಮೊಲ, ಹಂದಿಮರಿ ಹಿಡಿಯುತ್ತಿತ್ತು. ಊರಿನತ್ತ ಸುಳಿದಿರಲಿಲ್ಲ, ಆದರೂ ಜನ ಹೆದರಿದರು. ಗುಡ್ಡದ ಕಡೆಯ ಕೊನೆಯ ಮನೆ ಹುಸೇನಬಿಯದು. ಗಂಡ ತೀರಿಹೋಗಿದ್ದ, ಹತ್ತಾರು ಆಡುಗಳೇ ಅವಳ ಬದುಕು. ಅವನ್ನು ಮನೆಯೊಳಗೇ ಕೂಡಿಹಾಕಿ, ತಾನು ಬಾಗಿಲಿಗೆ ಅಡ್ಡ ಮಲಗುತ್ತಿದ್ದಳು.

“ಸಾಹೇಬ್ರ, ಆ ಜಾಲಿ ಕಡಸ್ರಿ. ಎಲ್ಲಾ ಪೀಡಾ ಅದರಾಗ ಐತಿ,” ಎಂದರು ಊರವರು.

ಕಡಿಸಿದೆ. ಇದ್ದಿಲು ಸುಡುವವರು ಟ್ರ್ಯಾಕ್ಟರಿನಲ್ಲಿ ಎಲ್ಲವನ್ನೂ ಹೇರಿಕೊಂಡು ಹೋದರು. ಗುಡ್ಡದ ಬುಡ ಬೋಳಾಯಿತು, ಚಿರತೆ ಕಾಣಲಿಲ್ಲ. ಊರವರು ನನಗೆ ಶಾಲು ಹೊದಿಸಿ ಹಾರ ಹಾಕಿದರು. ನಾನು ಉಬ್ಬಿಹೋದೆ. ಹುಸೇನಬಿ ಹತ್ತಿರ ಬಂದು, “ಇನ್ನ ಆಡು ಹೊರಗ ಕಟ್ಟಲೇನ್ರಿ?” ಎಂದು ಕೇಳಿದಳು.

“ಧೈರ್ಯದಿಂದ ಕಟ್ಟವ್ವ, ನಾ ಅದೀನಿ,” ಎಂದೆ.

ಅವಳ ಹಿತ್ತಲಿಗೆ ತಾಗಿ ತೊಗರಿ ಆಳೆತ್ತರ ನಿಂತಿತ್ತು. ಅಂದೇ ಅದನ್ನು ನೋಡಿ, ಬೆಳೆ ಚಲೋ ಬಂದಿದೆ ಎಂದು ಮೆಚ್ಚಿದ್ದೂ ನಾನೇ.

ವಾರ ತುಂಬುವ ಮೊದಲೇ ಫೋನ್ ಬಂತು. ಹೋಗಿ ನೋಡಿದರೆ ಗೂಟಕ್ಕೆ ಕಟ್ಟಿದ್ದ ಆಡುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ತು ಬಿದ್ದಿದ್ದವು. ಹೆಜ್ಜೆಗುರುತು ತೊಗರಿ ಸಾಲಿನಿಂದ ನೇರ ಅಂಗಳಕ್ಕೆ ಬಂದಿತ್ತು. ಜಾಲಿ ಕಡಿಸಿ ಚಿರತೆಯ ಮರೆಯನ್ನೂ ಬೇಟೆಯನ್ನೂ ಕಳೆದವನು ನಾನು. ಉಳಿದಿದ್ದ ಒಂದೇ ಮರೆಯಾದ ತೊಗರಿ ಗುಡ್ಡದ ಕಡೆಯಿಂದ ಈ ಮನೆಯ ತನಕ ಹಬ್ಬಿತ್ತು. ಅದರ ಬಾಯಿಗೆ ಆಡುಗಳನ್ನು ಕಟ್ಟಿಸಿದವನೂ ನಾನೇ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಹುಸೇನಬಿ ಬೈಯಲಿಲ್ಲ. “ಕಡಿದ ಜಾಲಿ ಎಲ್ಲಿ ಅದಾವ್ರಿ? ಉಳದ ಆಡಿಗೆ ಮುಳ್ಳಿನ ಬೇಲಿ ಹಚ್ಚತೀನಿ,” ಎಂದಳು. ಅಷ್ಟೂ ಸುಟ್ಟು ಇದ್ದಿಲಾಗಿತ್ತು. ಅದನ್ನೂ ನಾನೇ ಹೇಳಬೇಕಾಯಿತು. ಬೇರೆ ಕಡೆಯಿಂದ ಮುಳ್ಳು ತರಿಸಿ ನಮ್ಮವರೊಂದಿಗೆ ನಿಂತು ಬೇಲಿ ಹಾಕಿದೆ. ಹೋದ ಆಡುಗಳೇನೂ ಬರಲಿಲ್ಲ.

ತೊಗರಿ ಕೊಯ್ಲಾದ ಮೇಲೆ ಚಿರತೆ ಬಂಡೆಗಳತ್ತ ಮರಳಿತು. ಒಂದು ಮಧ್ಯಾಹ್ನ ಹುಸೇನಬಿ ಬಸ್ಸು ಹಿಡಿದು ಕಚೇರಿಗೇ ಬಂದಳು.

“ಸಾಹೇಬ್ರ, ಈಗ ಹೊರಗ ಕಟ್ಟಲೇನ್ರಿ? ನೀವು ಹೇಳಿದ್ರ ಕಟ್ಟತೀನಿ.”

ಮುಖಕ್ಕೆ ಉಗಿದಿದ್ದರೆ ಒರೆಸಿಕೊಳ್ಳುತ್ತಿದ್ದೆ. ಇವಳು ಮತ್ತೆ ನನ್ನ ಮಾತನ್ನೇ ಕೇಳಲು ಬಂದಿದ್ದಳು. ಮೃಗದ ಗುಣ ಬಾಯಿಪಾಠ ಬಂದರೆ ಸಾಲದು, ನಿಂತ ನೆಲದಲ್ಲಿ ಏನು ಬೆಳೆದಿದೆ ಎಂದು ನೋಡದೆ ಯಾರಿಗೂ ಧೈರ್ಯ ಹೇಳಬಾರದು ಎಂಬುದನ್ನು ನೌಕರಿ ನನಗೆ ಅವಳ ಆಡುಗಳ ಜೀವ ತೆಗೆದು ಕಲಿಸಿತ್ತು.

“ನಡಿಯವ್ವ, ಮೊದಲ ನಿನ್ನ ಹಿತ್ತಲ ನೋಡೂಣು,” ಎಂದು ಎದ್ದೆ.